ಸುಖದ ಉಪದೇಶ ಯಾರಿಗೆ?

ಬಾಳಿನ ಗುರಿ ಏನು, ನಿಜವಾದ ಸುಖ ಎಲ್ಲಿದೆ ಎಂದು ದುಡಿಯುವವರಿಗೆ ಪಾಠ ಹೇಳುವ ಚಾಳಿ ಹಣವಂತರಲ್ಲಿ ಮತ್ತೆ ಹೆಚ್ಚಿದೆ. ಹಿಂದೆ ಈ ಕೆಲಸವನ್ನು ಅವರು ಪುರಾಣಿಕರಿಗೆ ಗುತ್ತಿಗೆ ಕೊಡುತ್ತಿದ್ದರು. ಈಗ ತಾವೇ ವೇದಿಕೆ ಹತ್ತಿದ್ದಾರೆ. ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮದ ಹಿರಿಯರೊಬ್ಬರು 2023ರಲ್ಲಿ ಅಪ್ಪಣೆ ಕೊಡಿಸಿದರು. 2025ರ ಜನವರಿಯಲ್ಲಿ ಇನ್ನೊಂದು ಭಾರೀ ಕಂಪನಿಯ ಅಧ್ಯಕ್ಷರ ಬಾಯಿಂದ ಬಂದದ್ದು 90 ಗಂಟೆ. ಭಾನುವಾರವೂ ನಿಮ್ಮನ್ನು ದುಡಿಸಿಕೊಳ್ಳಲಾಗುತ್ತಿಲ್ಲವಲ್ಲ ಎಂದು ಮರುಗಿದ ಆ ಮಹಾಶಯರು, ಮನೆಯಲ್ಲಿ ಕುಳಿತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದೂ ಕೇಳಿದರು.

ಎಷ್ಟು ಹೊತ್ತು? ಲೆಕ್ಕ ಹಾಕಿಯೇ ಬಿಡೋಣ. ವಾರಕ್ಕೆ ಇರುವುದು 168 ಗಂಟೆ. ಅದರಲ್ಲಿ ಧಣಿಗೆ 90. ದಿನಕ್ಕೆ 8ರಂತೆ ನಿದ್ದೆಗೆ 56. ಸ್ನಾನ, ಊಟ, ಹೋಗಿ ಬರುವ ದಾರಿಗೆ ದಿನಕ್ಕೆ 3ರಂತೆ 21. ಉಳಿದದ್ದು ಒಂದೇ ಒಂದು ಗಂಟೆ, ಅದೂ ಇಡೀ ವಾರಕ್ಕೆ! ಆ ಒಂದು ಗಂಟೆಯಲ್ಲಿ ಮಗಳ ಪಾಠ ನೋಡಬೇಕು, ತಾಯಿಯನ್ನು ಡಾಕ್ಟರ ಬಳಿ ಕರೆದೊಯ್ಯಬೇಕು, ಸಂತೆ ಮಾಡಬೇಕು, ಗೆಳೆಯನ ಮನೆಯ ಸಾವಿಗೆ ಹೋಗಿ ಬರಬೇಕು. ಮಿಕ್ಕ ಹೊತ್ತಿನಲ್ಲಿ ಬಾಳಿನ ಗುರಿಯ ಬಗ್ಗೆ ಚಿಂತಿಸಬಹುದು.

ಸುಖ ಮನಸ್ಸಿನಲ್ಲಿದೆ, ಹೊರಗಿಲ್ಲ ಎನ್ನುತ್ತಾರೆ. ಇರಲಿ, ಒಪ್ಪಿದೆವು. ಆದರೆ ಆ ಮನಸ್ಸು ಇರುವುದು ಒಂದು ಮೈಯಲ್ಲಿ. ಆ ಮೈ ರಾತ್ರಿ ಪಾಳಿಯಿಡೀ ನೂಲಿನ ಯಂತ್ರದ ಮುಂದೆ ನಿಂತು, ಹತ್ತಿಯ ಧೂಳು ಕುಡಿದು ಬಂದಿದೆ. ಮೈಯನ್ನು ಹಿಂಡಿ ತೆಗೆದುಕೊಂಡು ಮನಸ್ಸನ್ನು ಹಿಂದಕ್ಕೆ ಕೊಡುತ್ತೇವೆಂಬುದು ಯಾವ ಅಂಗಡಿಯ ವ್ಯಾಪಾರ?

ಈ ಉಪದೇಶಕರು ಕಾಯಕದ ಹೆಸರನ್ನೂ ಎಳೆದು ತರುತ್ತಾರೆ. ಶರಣರ ಕಾಯಕವನ್ನು ಅವರು ಅರ್ಧವೇ ಓದಿದ್ದಾರೆ. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಮೆಚ್ಚಿ ಬೆನ್ನು ತಟ್ಟಲಿಲ್ಲ. ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಕಾಯಕದ ಬೆನ್ನಿಗೇ ದಾಸೋಹವಿತ್ತು. ನಮ್ಮ ಧಣಿಗಳಿಗೆ ನಾವು ಕೇಳುವುದಿಷ್ಟೇ: ಹೆಚ್ಚಾದ ಅಕ್ಕಿಯನ್ನು ನೀವು ಎಂದು ಸುರಿದು ಬರುತ್ತೀರಿ?

ನಾವು ದುಡಿಮೆಯನ್ನು ಹೀಗಳೆಯುವವರಲ್ಲ. ಕೈತುಂಬ ಕೆಲಸವಿಲ್ಲದೆ ಬೀದಿಯಲ್ಲಿ ನಿಂತವನ ಸಂಕಟ ಗಿರಣಿ ಮುಚ್ಚಿದ ಊರುಗಳಿಗೆ ಚೆನ್ನಾಗಿ ಗೊತ್ತು. ಆದರೆ ಬಾಳುವುದಕ್ಕಾಗಿ ದುಡಿಮೆಯೇ ಹೊರತು ದುಡಿಯುವುದಕ್ಕಾಗಿ ಬಾಳಲ್ಲ. ಒಬ್ಬೊಬ್ಬನ ಗುರಿ ಒಂದೊಂದು. ಒಬ್ಬನಿಗೆ ಭಜನೆ, ಒಬ್ಬನಿಗೆ ಬಯಲಾಟ, ಒಬ್ಬಳಿಗೆ ಮಗಳನ್ನು ಕಾಲೇಜು ಹತ್ತಿಸುವುದು. ಅದನ್ನು ಆರಿಸಿಕೊಳ್ಳಲು ಹೊತ್ತು ಬೇಕು, ನಾಳೆಯ ಕೂಲಿಯ ಭರವಸೆ ಬೇಕು.

ಆ ಹೊತ್ತನ್ನು ಯಾರೂ ದಾನ ಕೊಟ್ಟಿಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ವಾರದ ರಜೆಯೇ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ವರ್ಷಗಟ್ಟಲೆ ಮನವಿ, ಸಭೆ ನಡೆಸಿ, 1890ರಲ್ಲಿ ಭಾನುವಾರವನ್ನು ಪಡೆದರು. 1886ರ ಮೇ ತಿಂಗಳಲ್ಲಿ ಎಂಟು ಗಂಟೆಯ ದಿನಕ್ಕಾಗಿ ಚಿಕಾಗೋದಲ್ಲಿ ನಡೆದ ಹೋರಾಟದ ಬೆನ್ನಲ್ಲಿ ನಾಲ್ವರು ಮರುವರ್ಷ ನೇಣುಗಂಬ ಏರಿದರು. ನಮ್ಮಲ್ಲಿ 1911ರ ಕಾನೂನು ಗಂಡಾಳಿನ ದಿನವನ್ನು 12 ಗಂಟೆಗೆ ತಂದಿತು, 1922ರದು 11ಕ್ಕೆ, 1934ರದು 10ಕ್ಕೆ. ವಾರಕ್ಕೆ 48 ಗಂಟೆ ಎಂದಾದದ್ದು 1946ರಲ್ಲಿ. ಹನ್ನೆರಡರಿಂದ ಇಳಿಯಲು ಇಷ್ಟು ವರ್ಷ ಹಿಡಿಯಿತು. 2023ರಲ್ಲಿ ನಮ್ಮ ರಾಜ್ಯದ ವಿಧಾನಮಂಡಲ ಒಂದೇ ತಿದ್ದುಪಡಿಯಿಂದ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಬಾಗಿಲು ತೆರೆಯಿತು. ವಾರದ ಮಿತಿ 48 ಎಂಬ ಸಮಾಧಾನ ಹೇಳಿದರು. ಅದರ ಜೊತೆಗೇ ಓವರ್‌ಟೈಮಿನ ಮಿತಿಯನ್ನು ಮೂರು ತಿಂಗಳಿಗೆ 75 ಗಂಟೆಯಿಂದ 145ಕ್ಕೆ ಏರಿಸಿದರು.

ಅಂಗಡಿಕಾರ ಮಿತ್ರರು ಇದು ಕೂಲಿಕಾರರ ಮಾತು ಎಂದು ಪುಟ ಮಡಚಬಾರದು. ನಿಮಗೆ ಧಣಿಯಿಲ್ಲ ನಿಜ. ಆದರೂ ಬೆಳಗಿನ ಏಳಕ್ಕೆ ತೆರೆದ ಬಾಗಿಲನ್ನು ರಾತ್ರಿ ಹತ್ತಕ್ಕೆ ಮುಚ್ಚುವಂತೆ ಮಾಡಿದವರು ಯಾರು? ಬಾಡಿಗೆ, ಬಡ್ಡಿ, ಈಗ ಹತ್ತು ನಿಮಿಷದಲ್ಲಿ ಮನೆಗೇ ಸಾಮಾನು ಮುಟ್ಟಿಸುವ ಕೋಟ್ಯಧೀಶ ಕಂಪನಿ. ಗಿರಣಿಯವನ ಕೈಯಲ್ಲಿ ಸಂಜೆ ಇದ್ದರೆ ನಿಮ್ಮ ಅಂಗಡಿಗೆ ಗಿರಾಕಿ. ಅವನು ಹನ್ನೆರಡು ಗಂಟೆ ಒಳಗಿದ್ದರೆ ಫೋನಿನಲ್ಲೇ ಕೊಳ್ಳುತ್ತಾನೆ.

ಆದ್ದರಿಂದ ಹೆಚ್ಚು ಹೊತ್ತಿನ ಕೆಲಸಕ್ಕೆ ಒಪ್ಪಿಗೆ ಎಂಬ ಕಾಗದವನ್ನು ಮೇಸ್ತ್ರಿ ಮುಂದೆ ಹಿಡಿದರೆ ಒಬ್ಬೊಬ್ಬರೇ ಸಹಿ ಹಾಕಬೇಡಿ. ಮನೆಗೆ ಒಯ್ದು ಓದುತ್ತೇವೆ ಎನ್ನಿ, ಸಂಘದ ಕಚೇರಿಗೆ ತನ್ನಿ. ಬೀದಿಯ ಅಂಗಡಿಕಾರರು ಒಟ್ಟಿಗೆ ಕೂತು, ವಾರಕ್ಕೊಂದು ದಿನ ಎಲ್ಲರೂ ಬಾಗಿಲು ಹಾಕುವುದೆಂದು ತೀರ್ಮಾನಿಸಿ. ಒಬ್ಬರೇ ಹಾಕಿದರೆ ನಷ್ಟ, ಎಲ್ಲರೂ ಹಾಕಿದರೆ ರಜೆ.