ಬೆಳ್ಳಗಿರುವುದೆಲ್ಲ ಹಾಲಲ್ಲ, ಕಪ್ಪಗಿರುವುದೆಲ್ಲ ಗಟ್ಟಿ ಪೈಪಲ್ಲ

ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಬಿತ್ತನೆ ಬೀಜದ ಚೀಲ ತಿರುಗಿಸಿ ತಾರೀಖು ಓದುತ್ತೇವೆ. ಅದೇ ಬೋರ್‌ವೆಲ್‌ನಿಂದ ಹೊಲದ ತನಕ ಎಳೆಯುವ ಪೈಪು ಕೊಳ್ಳಲು ಹೋದರೆ ನಾವು ಕೇಳುವುದು ಒಂದೇ ಪ್ರಶ್ನೆ: 'ಒಂದು ಲೆಂತಿಗೆ ಎಷ್ಟು?'

ಇನ್ನು ಮುಂದೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು ಅನ್ನುವುದು ನಮ್ಮ ವಾದ: 'ಇದರಲ್ಲಿ ಏನೇನು ಬೆರೆಸಿದ್ದಾರೆ?'

ಈ ಪ್ರಶ್ನೆ ನಮ್ಮ ಊರಿಗೆ ಹೊಸದಲ್ಲ. ಕುಲುಮೆ ಇದ್ದ ಊರಲ್ಲೆಲ್ಲ ಇದು ಗೊತ್ತಿತ್ತು. ಕಿಟಕಿ ಸರಳಿನಿಂದ ಕುಡಗೋಲು ಮಾಡಿಕೊಡಿ ಅಂದರೆ ಕಮ್ಮಾರರು ಒಪ್ಪುವುದಿಲ್ಲ. ಹಳೇ ಲಾರಿಯ ಕಮಾನು ಪಟ್ಟಿ ತನ್ನಿ ಅನ್ನುತ್ತಾರೆ. ಎರಡೂ ಉಕ್ಕೇ, ಎರಡೂ ಕಬ್ಬಿಣಕ್ಕೆ ಇಂಗಾಲ ಸೇರಿ ಆದದ್ದೇ. ಸರಳಿನ ನೂರು ಕೆಜಿಯಲ್ಲಿ ಇಂಗಾಲ ಸುಮಾರು ಕಾಲು ಕೆಜಿ ಅಥವಾ ಅದಕ್ಕಿಂತ ಕಡಿಮೆ. ಕಮಾನು ಪಟ್ಟಿಯಲ್ಲಿ ಅರ್ಧ ಕೆಜಿಗಿಂತ ತುಸು ಹೆಚ್ಚು. ಇಷ್ಟೇ ವ್ಯತ್ಯಾಸ. ಆದರೆ ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದರೆ ಪಟ್ಟಿ ಗಡುಸಾಗುತ್ತದೆ, ಸರಳು ಅಷ್ಟು ಆಗುವುದಿಲ್ಲ. ಅದ್ದಿದ್ದನ್ನು ಹಾಗೇ ಬಿಟ್ಟರೆ ಬಾಯಿ ಚಿಟ್ಟನೆ ಮುರಿಯುತ್ತದೆ. ಅದಕ್ಕೇ ಮತ್ತೆ ತುಸು ಬಿಸಿ ತೋರಿಸಿ ಹದಕ್ಕೆ ತರುತ್ತಾರೆ. ಇಂಗಾಲ ಶೇ 2 ದಾಟಿದರೆ ಅದು ಬೀಡು ಕಬ್ಬಿಣ: ಎರಕಕ್ಕೆ ಚೆನ್ನ, ಸುತ್ತಿಗೆ ಏಟಿಗೆ ಒಡೆಯುತ್ತದೆ.

ಯಾವ ವಸ್ತುವಿನ ಗುಣವೂ ಎರಡರಲ್ಲಿದೆ: ಏನು ಬೆರೆತಿದೆ, ಹೇಗೆ ಹದ ಮಾಡಿದ್ದಾರೆ. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. ಹಿತ್ತಾಳೆ ಪಾತ್ರೆಗೆ ಅಜ್ಜಿಯರು ಕಲಾಯಿ ಹಾಕಿಸುತ್ತಿದ್ದದ್ದು ಅಂದಕ್ಕಲ್ಲ. ಹುಳಿ ಬಿದ್ದರೆ ಕಿಲುಬೇಳುತ್ತದೆ, ಒಳಗೆ ತವರದ ಪದರ ಇದ್ದರೆ ಹುಳಿಗೆ ತಾಮ್ರ ತಾಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಈಗ ಪೈಪಿಗೆ ಬರೋಣ. ಪ್ಲಾಸ್ಟಿಕ್ ಅಂದರೆ ಪಾಲಿಮರ್, ಅಂದರೆ ಪುಟ್ಟ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಉದ್ದುದ್ದ ಸರಪಳಿ. ಸರಪಳಿ ಉದ್ದ ಇರುವ ತನಕ ಪೈಪು ಬಾಗುತ್ತದೆ, ಒತ್ತಡ ತಡೆಯುತ್ತದೆ. ಬಿಸಿಲಿನ ನೇರಳಾತೀತ ಕಿರಣ ದಿನಾ ಬಿದ್ದರೆ ಕೊಂಡಿಗಳು ಕಡಿಯುತ್ತವೆ. ಆಮೇಲೆ ಕಾಲಿಟ್ಟರೂ ಸೀಳು ಬಿಡುತ್ತದೆ. ಇದನ್ನು ತಡೆಯಲೆಂದೇ ಹನಿ ನೀರಾವರಿಯ ಪಾಲಿಥಿನ್ ಪೈಪಿಗೆ ಶೇ 2ರಿಂದ 3ರಷ್ಟು ಕಾಡಿಗೆಯಂಥ ನುಣ್ಣನೆ ಇಂಗಾಲದ ಪುಡಿ ಬೆರೆಸುತ್ತಾರೆ. ಅದು ಬಿಸಿಲನ್ನು ತಾನೇ ಹೀರಿಕೊಂಡು ಸರಪಳಿ ಉಳಿಸುತ್ತದೆ.

ಮೋಸ ನುಸುಳುವುದು ಇಲ್ಲೇ. ಗುಜರಿಯಿಂದ ಬಂದ ಹತ್ತು ಥರದ ಪ್ಲಾಸ್ಟಿಕ್ ಕರಗಿಸಿ ಎಳೆದ ಪೈಪೂ ಕಪ್ಪಗೇ ಇರುತ್ತದೆ. ಹಾಗೆಯೇ ಪಿವಿಸಿ ಪೈಪಿಗೆ ಸುಣ್ಣದಕಲ್ಲಿನ ಪುಡಿ ಸ್ವಲ್ಪ ಬೆರೆಸುವುದು ತಪ್ಪಲ್ಲ, ವಿಪರೀತ ಬೆರೆಸಿದರೆ ಪೈಪು ಪೆಡಸಾಗುತ್ತದೆ. ಈ ಪುಡಿ ಪಿವಿಸಿಗಿಂತ ಭಾರ. ಆದ್ದರಿಂದ 'ತೂಕ ಇದೆ, ಗಟ್ಟಿ ಮಾಲು' ಅನ್ನುವ ಲೆಕ್ಕ ಇಲ್ಲಿ ತಲೆಕೆಳಗು.

ಸ್ಟೀಲ್ ಪಾತ್ರೆಯದೂ ಇದೇ ಕಥೆ. ಅಯಸ್ಕಾಂತ ಹಿಡಿಯದಿದ್ದರೆ ಒಳ್ಳೆ ಸ್ಟೀಲ್ ಅನ್ನುತ್ತಾರೆ. ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್ ಇರುವ 304 ಅನ್ನು ಅಯಸ್ಕಾಂತ ಹಿಡಿಯುವುದಿಲ್ಲ, ನಿಜ. ನಿಕ್ಕಲ್ ತಗ್ಗಿಸಿ ಮ್ಯಾಂಗನೀಸ್ ಹಾಕಿದ, ಬೆಲೆ ಕಡಿಮೆ ಇರುವ 202 ಅನ್ನೂ ಹಿಡಿಯುವುದಿಲ್ಲ. ಉಪ್ಪು, ಹುಳಿ ತಡೆಯುವುದರಲ್ಲಿ ಮಾತ್ರ ಎರಡೂ ಸಮ ಅಲ್ಲ.

'ಅಗ್ಗದ್ದು ಬೇಕು ಅಂತ ರೈತರೇ ಕೇಳುತ್ತಾರೆ' ಅನ್ನುವುದು ಅಂಗಡಿಯವರ ಉತ್ತರ. ಕೇಳಲಿ, ತಪ್ಪೇನು? ಗುಜರಿ ಪ್ಲಾಸ್ಟಿಕ್ಕಿನ ಬಕೆಟ್ಟು, ಬುಟ್ಟಿ ನಡೆಯುತ್ತದೆ. ಆದರೆ ಮೋಟಾರಿನ ಒತ್ತಡ ತಡೆಯಬೇಕಾದ ಪೈಪಿಗೂ ಅದೇ ಮಾಲು ಹಾಕಿ, ಹೇಳದೆ ಮಾರುವುದು ತಪ್ಪು. ಅದು ಬೇಸಿಗೆಯ ನಡುವೆ ಒಡೆದರೆ ಹೋಗುವುದು ಪೈಪಿನ ದುಡ್ಡು ಮಾತ್ರವಲ್ಲ, ಬೆಳೆ.

ಹಾಗಾದರೆ ನಾವೇನು ಮಾಡಬಹುದು?

ಪೈಪಿನ ಮೈಮೇಲೆ ಐಎಸ್‌ಐ ಗುರುತು ಮತ್ತು ಸಂಖ್ಯೆ ಓದಿ. ಕುಡಿಯುವ ನೀರಿನ ಗಡುಸು ಪಿವಿಸಿ ಪೈಪಿಗೆ ಐಎಸ್ 4985, ಹನಿ ನೀರಾವರಿಯ ಲ್ಯಾಟರಲ್ ಪೈಪಿಗೆ ಐಎಸ್ 12786. ಜೊತೆಗೆ ಸಿಎಂ/ಎಲ್ ಅಂತ ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಅಂಗಡಿ ಮುಂದೆಯೇ ಗೊತ್ತಾಗುತ್ತದೆ.

ಪಾಲಿಥಿನ್ ಪೈಪಿನ ಚೂರನ್ನು ಗಾಳಿಗುಳ್ಳೆ ಹೋಗುವಂತೆ ನೀರಲ್ಲಿ ಅದ್ದಿ ಬಿಡಿ. ಒಳ್ಳೆಯ ಪಾಲಿಥಿನ್ ತೇಲಬೇಕು. ಮುಳುಗಿದರೆ ಭಾರದ ಪುಡಿ ಬೆರೆತಿದೆ, ಅಥವಾ ಅದು ಪಾಲಿಥಿನ್ನೇ ಅಲ್ಲ. ತೇಲಿದ ಮಾತ್ರಕ್ಕೆ ಹೊಸ ಮಾಲು ಅಂತಲೂ ತಿಳಿಯಬೇಡಿ, ಗುಜರಿ ಪಾಲಿಥಿನ್ ಕೂಡ ತೇಲುತ್ತದೆ. ಪಿವಿಸಿ ಹೇಗಿದ್ದರೂ ಮುಳುಗುತ್ತದೆ, ಅದಕ್ಕೆ ಈ ಪರೀಕ್ಷೆ ಬೇಡ.

ಹಳೇ ಪೈಪನ್ನು ಬದುವಿನ ಮೇಲೆ ಸುಡಬೇಡಿ. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಸುಟ್ಟರೆ ಏಳುವ ಹೊಗೆ ಕಣ್ಣು, ಎದೆ ಉರಿಸುವ ಆಮ್ಲ, ಜೊತೆಗೆ ಡಯಾಕ್ಸಿನ್ ಎಂಬ ವಿಷ. ಪಿವಿಸಿ ಬೇರೆ, ಕಪ್ಪು ಪೈಪು ಬೇರೆ ಮಾಡಿ ಗುಜರಿಗೆ ಕೊಡಿ. ಎರಡೂ ಬೆರೆತರೆ ಕರಗಿಸಿದ ಮಾಲು ಕೆಡುತ್ತದೆ.

ಕೊನೆಗೆ, ಬಿಲ್ ಇಲ್ಲದೆ ಪೈಪು ತರಬೇಡಿ. ಬಿಲ್ಲಿನಲ್ಲಿ ಐಎಸ್ ಸಂಖ್ಯೆ ಮತ್ತು ಪೈಪು ಎಷ್ಟು ಒತ್ತಡಕ್ಕೆ ಅಂತ ಬರೆಸಿಕೊಳ್ಳಿ. ಪೈಪು ಒಡೆದ ದಿನ ನಿಮ್ಮ ಪರ ಮಾತಾಡುವುದು ಆ ಬಿಲ್ಲೊಂದೇ. ಸಹಾಯಧನದಲ್ಲಿ ಪೈಪು ಕೊಡುವ ಇಲಾಖೆಗಳೂ ಅಷ್ಟೇ: ಫಲಾನುಭವಿಗಳ ಪಟ್ಟಿ ಅಂಟಿಸುವ ಗೋಡೆಗೆ ಪೈಪಿನ ಪರೀಕ್ಷಾ ವರದಿಯನ್ನೂ ಅಂಟಿಸಲಿ.

ವಿದೇಶಿಯರು ನಮ್ಮ ದಕ್ಷಿಣದ ಉಕ್ಕನ್ನು 'ವೂಟ್ಜ್' ಅಂದರು. ಆ ಹೆಸರು ಕನ್ನಡದ 'ಉಕ್ಕು' ಪದದಿಂದಲೇ ಬಂತು ಅನ್ನುವ ವಿದ್ವಾಂಸರಿದ್ದಾರೆ. ಲೋಹದ ಹದ ತಿಳಿದಿದ್ದ ನಾಡು ಇದು. ಇಂಥ ನಾಡಿನವರು ಪೈಪಿನ ಮೈಮೇಲಿನ ಒಂದು ಸಾಲು ಓದದೆ ದುಡ್ಡು ಎಣಿಸಬಾರದು.