ಮಲೇಶಿಯಾದ ಗಣಿತಪಾಠ

ಮಲಯ ಭಾಷೆಯಲ್ಲಿ ಭಿನ್ನರಾಶಿಗೆ ‘ಪೆಚಾಹನ್’ ಎನ್ನುತ್ತಾರೆ. ಮನೆಯಲ್ಲಿ ತಟ್ಟೆಯೊಂದು ಕೈಜಾರಿ ಬಿದ್ದಾಗ ತಾಯಿಯ ಬಾಯಿಂದ ಹೊರಡುವ ‘ಪೆಚಾಹ್’, ಎಂದರೆ ಒಡೆಯಿತು, ಎಂಬ ಮಾತೇ ಅದರ ಮೂಲವಾದುದರಿಂದ, ಶಾಲೆಯಲ್ಲಿ ಆ ಪಾರಿಭಾಷಿಕ ಪದವನ್ನು ಮೊದಲ ಸಲ ಕೇಳುವ ಮಲಯ ಮಗುವಿಗೆ ಅದರ ಅರ್ಧ ಅರ್ಥ ಮನೆಯಿಂದಲೇ ಬಂದಿರುತ್ತದೆ. 2003ರ ಜನವರಿಯಲ್ಲಿ ಆ ದೇಶದ ಒಂದನೆಯ ತರಗತಿಗೆ ಗಣಿತವೂ ವಿಜ್ಞಾನವೂ ಇಂಗ್ಲಿಷಿನಲ್ಲಿ ಆರಂಭವಾದಾಗ ಈ ಆಸರೆ ತಪ್ಪಿಹೋಯಿತು.

ಅಂದಿನ ಪ್ರಧಾನಿ ಮಹಾತಿರ್ ಮೊಹಮ್ಮದರ ಉದ್ದೇಶ ಸದುದ್ದೇಶವೇ. ವಿಜ್ಞಾನದ ಭಾಷೆಯನ್ನು ಅರಿಯದ ಪೀಳಿಗೆ ನಾಳೆ ಹಿಂದುಳಿದೀತೆಂಬ ಕಳವಳ ಅವರದು. ಆದರೆ 2002ರ ನಡುವಿನಲ್ಲಿ ನಿರ್ಧಾರ, ಮುಂದಿನ ಜನವರಿಯಲ್ಲಿ ದೇಶಾದ್ಯಂತ ಅನುಷ್ಠಾನ! ಉಪಾಧ್ಯಾಯರ ಕೈಗೆ ಲ್ಯಾಪ್‌ಟಾಪ್ ಬಂದಿತು, ಸಂಬಳಕ್ಕೆ ವಿಶೇಷ ಭತ್ಯೆ ಸೇರಿತು. ಗಣಿತ ವಿಜ್ಞಾನಗಳ ಬೋಧನೆಗೆಂದೇ ಆಗ್ನೇಯ ಏಷ್ಯದ ರಾಷ್ಟ್ರಗಳು 1967ರಲ್ಲಿ ಸ್ಥಾಪಿಸಿದ ಕೇಂದ್ರ ಮಲೇಶಿಯಾದ ಪೆನಾಂಗಿನಲ್ಲಿಯೇ ಇದ್ದರೂ, ಕೆಲವೇ ಶಾಲೆಗಳಲ್ಲಿ ಮೂರು ನಾಲ್ಕು ವರ್ಷ ಪರೀಕ್ಷಿಸಿ ಅನಂತರ ಮುಂದುವರಿಯುವ ತಾಳ್ಮೆ ಮಾತ್ರ ಒದಗಲಿಲ್ಲ. 2009ರ ಜುಲೈನಲ್ಲಿ ಶಿಕ್ಷಣ ಸಚಿವ ಮುಹಿಯುದ್ದೀನ್ ಯಾಸೀನರು ಈ ನೀತಿಯನ್ನು ಕೈಬಿಡುವುದಾಗಿ ಸಾರಿದರು. 2016ರಲ್ಲಿ ಅದೇ ಇಂಗ್ಲಿಷು ಆಯ್ದ ಶಾಲೆಗಳಿಗೆ ಐಚ್ಛಿಕವಾಗಿ ಮರಳಿತು.

ಫಲವೇನು? ‘ಟಿಮ್ಸ್’ ಎಂಬ ಅಂತಾರಾಷ್ಟ್ರೀಯ ಪರೀಕ್ಷೆಯಲ್ಲಿ, ಎಂಟನೆಯ ತರಗತಿಯ ಗಣಿತಕ್ಕೆ, 1999ರಲ್ಲಿ 519 ಇದ್ದ ಮಲೇಶಿಯಾದ ಸರಾಸರಿ 2011ರಲ್ಲಿ 440ಕ್ಕೆ ಕುಸಿಯಿತು. ಆ ವರ್ಷ ಪರೀಕ್ಷೆಗೆ ಕುಳಿತವರು ಒಂದನೆಯ ತರಗತಿಯಿಂದ ಇಂಗ್ಲಿಷಿನಲ್ಲಿ ಗಣಿತ ಕಲಿತ ಪೀಳಿಗೆಯವರು. ಮಾತೃಭಾಷೆಯ ಪಕ್ಷಪಾತಿಯಾದ ನನಗೆ ಇಲ್ಲಿಯೇ ವಾದವನ್ನು ಮುಗಿಸುವ ಆಸೆ. ಆದರೆ ಹಾಗೆಯೇ ಆರಂಭಿಸಿದ ಮಕ್ಕಳು 2015ರಲ್ಲಿ 465 ಪಡೆದರು. ಬಹುಪಾಲು ಮಲಯದಲ್ಲಿಯೇ ಕಲಿತ ಮಕ್ಕಳು, ಸಾಂಕ್ರಾಮಿಕದ ಬಳಿಕ, 2023ರಲ್ಲಿ 411ಕ್ಕೆ ಇಳಿದರು. ಅಂಕಿಗಳು ಇಳಿತವನ್ನು ತೋರಿಸುತ್ತವೆಯೇ ಹೊರತು ಅದರ ಕಾರಣವನ್ನು ಹೇಳವು. ಕಾರಣ ತಿಳಿಯಬೇಕಾದರೆ ತರಗತಿಯ ಹಿಂದಿನ ಬೆಂಚಿನಲ್ಲಿ ವರ್ಷಗಟ್ಟಲೆ ಕುಳಿತು, ಯಾವ ಪದದ ಬಳಿ ಮಗು ನಿಂತುಬಿಟ್ಟಿತು, ಉಪಾಧ್ಯಾಯರು ಯಾವ ಗಳಿಗೆಯಲ್ಲಿ ತಮ್ಮ ಭಾಷೆಗೆ ಮರಳಿದರು ಎಂಬುದನ್ನು ಬರೆದಿಡುವ ಸಂಶೋಧಕರು ಬೇಕು. ಆ ಸಂಶೋಧಕರಲ್ಲಿ ಮೊದಲಿಗರು ಸ್ವತಃ ಉಪಾಧ್ಯಾಯರೇ ಆಗಿರಬೇಕು. ಭವಿಷ್ಯವನ್ನು ಎದುರಿಸಲು ಶಾಲೆಗೆ ಬೇಕಾದ ವಿದ್ಯೆ, ನನ್ನ ದೃಷ್ಟಿಯಲ್ಲಿ, ಮೊದಲು ಇದೇ.

ನಾವಾದರೂ ಈ ವಿಷಯದಲ್ಲಿ ಬೇರೆಯಾಗಿ ನಡೆದವರಲ್ಲ. 2019ರಲ್ಲಿ ಕರ್ನಾಟಕದ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ಅಂದು ಒಂದನೆಯ ತರಗತಿಗೆ ಸೇರಿದ ಮಕ್ಕಳು ಬಾಲ್ಯವನ್ನೇ ದಾಟುತ್ತಿದ್ದಾರೆ. ಅವರೂ ಪಕ್ಕದ ಕನ್ನಡ ವಿಭಾಗದ ಅವರ ಒಡನಾಡಿಗಳೂ ಭಿನ್ನರಾಶಿಯನ್ನು ಎಷ್ಟರಮಟ್ಟಿಗೆ ಅರಿತಿದ್ದಾರೆಂಬುದನ್ನು ಶಾಲೆಶಾಲೆಗೂ ಹೋಗಿ ಪರೀಕ್ಷಿಸಿ, ತಂದೆತಾಯಿಗಳು ಓದಿ ತಿಳಿಯುವ ಕನ್ನಡದಲ್ಲಿ ಪ್ರಕಟಿಸಬೇಕು. ಇನ್ನೊಂದು ಸಾವಿರ ಶಾಲೆಗಳ ಮಾತನ್ನು ಸರಕಾರ ಅದಾದ ಮೇಲೆ ಎತ್ತಲಿ.