ಎರಡು ಯೆಜ್ಡಿಗಳು

ಕಳೆದ ಯುಗಾದಿಯಿಂದೀಚೆಗೆ ನ್ಯಾಮತಿಯಲ್ಲಿರುವ ನಮ್ಮ ಮನೆಯ ಜಗಲಿಯ ಮುಂದೆ ಒಂದೇ ಹೆಸರಿನ ಎರಡು ಮೋಟಾರು ಬೈಸಿಕಲ್ಲುಗಳು ನಿಂತಿವೆ. ಒಂದು, ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸತರಲ್ಲಿ, 1990ರಲ್ಲಿ, ನಾವು ಕೊಂಡ ಯೆಜ್ಡಿ ರೋಡ್‌ಕಿಂಗ್. ಇನ್ನೊಂದು, ಚಿರಂಜೀವಿಯು ತಂದಿರುವ ಯೆಜ್ಡಿ ರೋಡ್‌ಸ್ಟರ್. ಹಳೆಯದನ್ನು ಮಾರಿಬಿಡಿರೆಂದು ಅವನ ಹಠ.

ಹಿರಿಯದರ ತವರು ಮೈಸೂರು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಚೆಕೊಸ್ಲೊವಾಕಿಯದ ಜಾವಾ ಗಾಡಿಗಳನ್ನು ತಯಾರಿಸತೊಡಗಿ, 1970ರ ದಶಕದಲ್ಲಿ ಯೆಜ್ಡಿ ಎಂಬ ನಾಮಾಂತರವನ್ನು ತಳೆದು, 1996ರಲ್ಲಿ ಬಾಗಿಲು ಮುಚ್ಚಿತು. ಹೆಸರು ಪಾರಸಿಕ ದೇಶದ ಯಜ್ದ್ ಪಟ್ಟಣದಿಂದ ಬಂದುದು. ಆ ಶಬ್ದಕ್ಕೂ ನಮ್ಮ ಯಜ್ ಧಾತುವಿಗೂ ಜ್ಞಾತಿತ್ವವುಂಟು. ಪೆಟ್ರೋಲಿನಲ್ಲಿ ಎಣ್ಣೆಯನ್ನು ಬೆರೆಸಿ ಉರಿಸಿ ಎರಡು ಕೊಳವೆಗಳಿಂದ ನೀಲಧೂಮವನ್ನು ಬಿಡುವ ಗಾಡಿಗೆ ಇದು ಅನ್ವರ್ಥನಾಮವೇ ಸರಿ!

ಅದರಲ್ಲೊಂದು ಚಮತ್ಕಾರವಿದೆ. ಒದ್ದು ಚಾಲೂ ಮಾಡುವ ಸನ್ನೆಯೂ ಗೇರು ಬದಲಿಸುವ ಸನ್ನೆಯೂ ಒಂದೇ. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿ ಒದ್ದರೆ ಒಂದು ಅರ್ಥ, ಬಿಟ್ಟರೆ ಇನ್ನೊಂದು. ಶ್ಲೇಷಾಲಂಕಾರದ ಪಾಠದಂದು ಹುಡುಗರನ್ನು ಅಂಗಳಕ್ಕೆ ಕರೆದು ಇದನ್ನೇ ತೋರಿಸುತ್ತಿದ್ದೆವು, ಅರ್ಥವಾಗದವರೂ ನಗುತ್ತಿದ್ದರು.

ಕಿರಿಯದು ಹುಟ್ಟಿದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. 2022ರ ಜನವರಿಯಲ್ಲಿ ಹಳೆಯ ಹೆಸರು ಮತ್ತೆ ಮಾರುಕಟ್ಟೆಗೆ ಬಂದಿತು. ನಮ್ಮದರ ಎಂಜಿನ್ನು 250 ಸಿ.ಸಿ., 16 ಅಶ್ವಶಕ್ತಿ, ನಾಲ್ಕು ಗೇರು. ಇದರದು 334 ಸಿ.ಸಿ., ಸುಮಾರು 29 ಅಶ್ವಶಕ್ತಿ, ಆರು ಗೇರು. ಗುಂಡಿಯನ್ನೊತ್ತಿದರೆ ಸಾಕು, ಎಚ್ಚರಗೊಳ್ಳುತ್ತದೆ. ಆದರೆ ದಾರಿಯಲ್ಲಿ ಮುನಿದು ನಿಂತರೆ ಕಾರ್ಖಾನೆಯವರೇ ಬರಬೇಕು. ಹಳೆಯದರ ಮುನಿಸಿಗೆ ಒಂದು ಸ್ಪ್ಯಾನರು, ಒಂದು ಸ್ಪಾರ್ಕ್ ಪ್ಲಗ್ಗು ಸಾಕು.

ಇಷ್ಟಕ್ಕೇ ವಾದವನ್ನು ನಿಲ್ಲಿಸಿ ನಾವೇ ಗೆದ್ದೆವೆನ್ನಬಹುದಿತ್ತು. ಆದರೆ ಹೊಸ ಗಾಡಿ ಬಂದ ಕಾರಣವನ್ನು ಮುಚ್ಚಿಡುವುದು ನ್ಯಾಯವಲ್ಲ. ಅದಕ್ಕೆ ಹಿಂದಿನ ಆಷಾಢದಲ್ಲಿ, ಜಿನುಗು ಮಳೆಯಲ್ಲಿ, ಗೃಹಿಣಿಯನ್ನು ಹಿಂದೆ ಕುಳ್ಳಿರಿಸಿಕೊಂಡು ಸವಳಂಗದ ಕಡೆಯಿಂದ ಬರುತ್ತಿದ್ದೆವು. ಎಮ್ಮೆಯೊಂದು ಅಡ್ಡಬಂದಿತು. ಬ್ರೇಕನ್ನು ಬಲವಾಗಿ ಮೆಟ್ಟಲು ಹಿಂದಿನ ಚಕ್ರವು ತಿರುಗುವುದನ್ನೇ ಬಿಟ್ಟು ಜಾರಿತು. ಎಮ್ಮೆಗೆ ಏನೂ ಆಗಲಿಲ್ಲ. ಆಕೆಯ ಮಣಿಕಟ್ಟಿಗೆ ಆರು ವಾರ ಪಟ್ಟಿ ಬಿದ್ದಿತು. ಆಕೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನಮಗೆ ಹಗುರವಾಗುತ್ತಿತ್ತು.

ಹೊಸದರಲ್ಲಿ ಚಕ್ರವು ಬಿಗಿಯುವ ಸೂಚನೆ ತೋರಿದೊಡನೆ ಯಂತ್ರವೇ ಬ್ರೇಕನ್ನು ಕ್ಷಣಕ್ಕೆ ಹಲವು ಬಾರಿ ಸಡಿಲಿಸಿ ಹಿಡಿಯುತ್ತದೆ. ಒದ್ದೆ ರಸ್ತೆಯಲ್ಲಿ ಚಿರಂಜೀವಿಯು ಅದನ್ನು ಮಾಡಿ ತೋರಿಸಿದನು. ಸನ್ನೆಯು ಕಾಲಡಿಯಲ್ಲಿ ನಡುಗಿತು, ಗಾಡಿಯು ನೇರವಾಗಿ ನಿಂತಿತು. ಮೂವತ್ತು ವರ್ಷಗಳ ನಮ್ಮ ಪಾದಕ್ಕೆ ತಿಳಿಯದ ವಿದ್ಯೆ ಅದು. ಒಪ್ಪಿಕೊಳ್ಳಲು ಎರಡು ದಿನ ಹಿಡಿಯಿತು.

ಮೊನ್ನೆ ಶಿವಮೊಗ್ಗದಿಂದ ಗಿರಾಕಿಯೊಬ್ಬರು ಬಂದು ನೋಡಿಹೋದರು. ಒಳ್ಳೆಯ ಬೆಲೆಯನ್ನೇ ಹೇಳಿದರು. ಅವರು ಹೋದಮೇಲೆ ಗೃಹಿಣಿಯು ಕಾಫಿಯ ಲೋಟಗಳನ್ನು ಎತ್ತಿಕೊಳ್ಳುತ್ತ, "ಮಾರುವುದೇನೂ ಬೇಡ, ನನ್ನನ್ನು ಮಾತ್ರ ಅದರ ಮೇಲೆ ಕೂರಿಸಬೇಡಿ" ಎಂದಳು. ಈಗ ಆಕೆ ಸಂತೆಗೆ ಮಗನ ಗಾಡಿಯಲ್ಲಿ ಹೋಗುತ್ತಾಳೆ. ನಾವು ಚೀಲಗಳೊಡನೆ ಹಳೆಯದರಲ್ಲಿ, ಮಳೆಯಿಲ್ಲದ ದಿನ, ಹಿಂದಿನಿಂದ ನಿಧಾನವಾಗಿ.